ಕೋಚ್ ಹೋದ ವಾರ: ಬೇಸ್‌ಬಾಲ್, ಗ್ರಹಣ, ಯುಗಾದಿ | ಆರ್ಕನ್ಸಾ ವ್ಲಾಗ್

ನಮಸ್ಕಾರ ಎಲ್ಲರಿಗೂ. ಇದು 2024ರ ಏಪ್ರಿಲ್ 5, ಶುಕ್ರವಾರ ಸಂಜೆ. ಅಮೆರಿಕದ ಆರ್ಕನ್ಸಾ ರಾಜ್ಯ, ಬೇಸ್‌ಬಾಲ್ ನೋಡಲು ಬೆಂಟನ್‌ವಿಲ್‌ನಿಂದ ಫಯೆಟ್‌ವಿಲ್‌ಗೆ ಹೋಗುವ ರಸ್ತೆ ಇದು. ಟ್ರಾಫಿಕ್ ಇಲ್ಲದಿದ್ದರೆ ಅರ್ಧ ಗಂಟೆ. ಕಾಣುತ್ತಿದೆಯಲ್ಲ, ಇವತ್ತು ಅರ್ಧ ಗಂಟೆ ಅಲ್ಲ.

ಹಿಂದಿನ ಸೀಟಿನಲ್ಲಿ ಮಗಳು. ತಲೆ ಮೇಲೆ ಕೆಂಪು ಪ್ಲಾಸ್ಟಿಕ್ ಹಂದಿ ಟೋಪಿ. ಹೊಸದಾಗಿ ಬಂದವರಿಗೆ ಒಂದು ಮಾತು: ಆರ್ಕನ್ಸಾ ವಿಶ್ವವಿದ್ಯಾಲಯದ ತಂಡಗಳ ಹೆಸರು ರೇಜರ್‌ಬ್ಯಾಕ್ಸ್. ಅಂದರೆ ಕಾಡುಹಂದಿ. ಈ ರಾಜ್ಯದಲ್ಲಿ ದೊಡ್ಡ ಲೀಗಿನ ತಂಡ ಒಂದೂ ಇಲ್ಲ, ಯಾವ ಆಟದಲ್ಲೂ ಇಲ್ಲ. ಹಾಗಾಗಿ ಇಡೀ ರಾಜ್ಯದ ಪ್ರೀತಿ ಈ ಕಾಲೇಜು ತಂಡಗಳ ಮೇಲೆ. ವಾಲ್‌ಮಾರ್ಟ್ ಹೆಡ್ ಆಫೀಸ್ ಇಲ್ಲೇ ಇರುವುದರಿಂದ ಕನ್ನಡದವರು ಸಾಕಷ್ಟು ಜನ ಇದ್ದೇವೆ. ಬಂದ ಮೊದಲ ವರ್ಷ ನಾನೂ ಕ್ರಿಕೆಟ್ ಬಿಟ್ಟು ಬೇರೆ ನೋಡಲ್ಲ ಅಂತಿದ್ದೆ. ಈಗ ಶುಕ್ರವಾರ ಬಂತೆಂದರೆ ಮನೆಯಲ್ಲಿ ಕೂರುವುದಕ್ಕೆ ಆಗುವುದಿಲ್ಲ.

ಈ ಶುಕ್ರವಾರ ಮಾತ್ರ ಮನಸ್ಸು ಸರಿ ಇರಲಿಲ್ಲ. ಹಿಂದಿನ ದಿನವೇ ನಮ್ಮ ಬ್ಯಾಸ್ಕೆಟ್‌ಬಾಲ್ ಕೋಚ್ ಎರಿಕ್ ಮಸಲ್‌ಮನ್ ಬಿಟ್ಟು ಹೊರಟರು. ಲಾಸ್ ಏಂಜಲೀಸ್‌ನ ಯುಎಸ್‌ಸಿ ಅನ್ನುವ ವಿಶ್ವವಿದ್ಯಾಲಯಕ್ಕೆ. 5 ವರ್ಷ ಇದ್ದರು. 2021ರಲ್ಲಿ, 2022ರಲ್ಲಿ ಮಾರ್ಚ್‌ನ ರಾಷ್ಟ್ರೀಯ ಕಾಲೇಜು ಟೂರ್ನಿಯಲ್ಲಿ ಕೊನೆಯ 8 ತಂಡಗಳವರೆಗೆ ಕರೆದುಕೊಂಡು ಹೋಗಿದ್ದರು. 2023ರಲ್ಲಿ ಒಂದನೇ ಸೀಡ್ (ಟೂರ್ನಿಗೆ ಮುಂಚೆ ಕೊಡುವ ಸ್ಥಾನ, 1 ಅತಿ ಬಲದ ತಂಡ, 16 ಅತಿ ದುರ್ಬಲ) ಕ್ಯಾನ್ಸಸ್ ತಂಡವನ್ನು ಒಂದೇ ಒಂದು ಪಾಯಿಂಟಿನಿಂದ ಸೋಲಿಸಿ, ಅಂಗಿ ಬಿಚ್ಚಿ ಮೇಜಿನ ಮೇಲೆ ಹತ್ತಿ ನಿಂತರಲ್ಲ, ಅವರೇ. ಈ ಸೀಸನ್ ಮಾತ್ರ 16 ಗೆಲುವು, 17 ಸೋಲು. ಸರಿ, ಒಂದು ಸೀಸನ್ ಕೆಟ್ಟಿತು. ಅದಕ್ಕೆ ಬಿಟ್ಟೇ ಹೋಗಬೇಕಾ? ನನಗೆ ಸಿಟ್ಟು ಬಂದಿತ್ತು. ಈಗಲೂ ಸ್ವಲ್ಪ ಇದೆ.

ಪಾರ್ಕಿಂಗ್ ಆಯಿತು. ಟಿಕೆಟ್ ವಿಷಯ ಹೇಳಲೇಬೇಕು.

ವಾರಾಂತ್ಯದ ಪಂದ್ಯಗಳ ಒಳ್ಳೆಯ ಸೀಟುಗಳು ಬಹುತೇಕ ಸೀಸನ್ ಟಿಕೆಟ್‌ನವರ ಕೈಯಲ್ಲಿರುತ್ತವೆ. ಅವರು ಬರಲಾಗದಿದ್ದರೆ ಆ್ಯಪ್‌ನಲ್ಲಿ ಮಾರುತ್ತಾರೆ. ನಮ್ಮಂಥವರು ಅಲ್ಲಿ ಕೊಳ್ಳಬೇಕು. ನಾನು ಬುಧವಾರದಿಂದ ಕಾಯುತ್ತಿದ್ದೆ. ಶುಕ್ರವಾರ ಮಧ್ಯಾಹ್ನ ಬೆಲೆ ಇಳಿಯಿತು. ಒಂದಕ್ಕೆ 22 ಡಾಲರ್. ಎರಡಕ್ಕೆ 44. ತಕ್ಷಣ ಒತ್ತಿದೆ. ಮುಂದಿನ ಪರದೆಯಲ್ಲಿ 61 ಡಾಲರ್ 80 ಸೆಂಟ್. ಏನಪ್ಪಾ ಇದು ಅಂತ ಬಿಡಿಸಿ ನೋಡಿದರೆ ಒಂದೊಂದು ಟಿಕೆಟ್ಟಿಗೆ 6 ಡಾಲರ್ 90 ಸೆಂಟ್ ಸೇವಾ ಶುಲ್ಕ. ಮೇಲೆ 4 ಡಾಲರ್ ಆರ್ಡರ್ ಶುಲ್ಕ. ಯಾವ ಸೇವೆ? ಕಾಗದ ಇಲ್ಲ, ಅಂಚೆ ಇಲ್ಲ, ಕೌಂಟರಿನಲ್ಲಿ ಕೂತ ಮನುಷ್ಯನೂ ಇಲ್ಲ. ನನ್ನ ಫೋನಿಗೆ ಒಂದು ಚೌಕದ ಕೋಡ್ ಬಂತು, ಅಷ್ಟೇ. ನಮ್ಮ ದುಡ್ಡಿನಲ್ಲಿ ಸುಮಾರು 1,480 ರೂಪಾಯಿ ಸುಮ್ನೆ ಹೋಯಿತು. ಬೆಲೆ 61 ಅಂತಲೇ ಮೊದಲು ತೋರಿಸಲಿ, ಕೊಡುತ್ತೇನೆ. 44 ತೋರಿಸಿ ಆಸೆ ಹುಟ್ಟಿಸಿ ಕೊನೆಗೆ 61 ಕೇಳುವುದು ಸರಿಯಲ್ಲ. ಸಂತೆಯಲ್ಲಿ ಹೀಗೆ ಮಾಡಿದರೆ ತೂಗಿದ ಸೊಪ್ಪನ್ನು ಅಲ್ಲೇ ಬಿಟ್ಟು ಬರುತ್ತೇವೆ. ಇಲ್ಲಿ ಮಗಳು ಆಗಲೇ ಟೋಪಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಕಟ್ಟಿದೆ.

ಅದಾದರೂ ಹೋಗಲಿ. ಸೀಟು ನೋಡಿ. ಇದು 14ನೇ ಸಾಲು, 7ನೇ ಸೀಟು. ಇನ್ನೊಂದು 15ನೇ ಸಾಲು, 7ನೇ ಸೀಟು. ಪಕ್ಕಪಕ್ಕ ಅಲ್ಲ, ಹಿಂದೆ ಮುಂದೆ! 8 ವರ್ಷದ ಮಗುವನ್ನು ಮುಂದೆ ಕೂರಿಸಿ ಅದರ ಕೂದಲು ನೋಡುತ್ತಾ ಪಂದ್ಯ ನೋಡುವುದಾ? ಎರಡು ಟಿಕೆಟ್ ಒಟ್ಟಿಗೆ ಅಂತ ಬರೆದಿತ್ತು. ಒಟ್ಟಿಗೆ ಅಂದರೆ ಜಗತ್ತಿನ ಯಾವ ಭಾಷೆಯಲ್ಲೂ ಇದಲ್ಲ.

ಈಗ ಕಾಣುತ್ತಿರುವ ಕೈ, ಪೆನ್ಸಿಲ್, ಸ್ಕೋರ್ ಬರೆಯುವ ಆ ಪುಸ್ತಕ, ಅದು ಪಕ್ಕದ ಸೀಟಿನ ಅಜ್ಜನದು. ಮುಖ ತೋರಿಸಬೇಡಪ್ಪಾ, ಪುಸ್ತಕ ಬೇಕಾದರೆ ತೋರಿಸು ಅಂದರು. ನಮ್ಮ ಪರದಾಟ ನೋಡಿ ಅವರೇ ಎದ್ದು ಹಿಂದಿನ ಸಾಲಿಗೆ ಹೋದರು. ಮಗಳು ನನ್ನ ಪಕ್ಕ ಕೂತಳು. ಅವರ ಸೀಟು ಎಷ್ಟೋ ವರ್ಷದ್ದಂತೆ. ಅಂಥ ಸೀಟನ್ನು ಗುರುತಿಲ್ಲದ ಮಗುವಿಗೆ ಬಿಟ್ಟುಕೊಟ್ಟರು.

ಹತ್ತಿರದಿಂದ ನೋಡಿ. ಒಂದೊಂದು ಚೌಕಕ್ಕೆ ಒಬ್ಬ ಬ್ಯಾಟರ್. ಔಟಾದ ರೀತಿ ಅದರೊಳಗೆ. ಆಡಬೇಕಾದ ಚೆಂಡನ್ನು 3 ಸಲ ತಪ್ಪಿಸಿಕೊಂಡರೆ ಔಟ್, ಅದೇ ಸ್ಟ್ರೈಕ್‌ಔಟ್. ಬ್ಯಾಟ್ ಬೀಸಿ ಚೆಂಡು ತಪ್ಪಿ ಹಾಗೆ ಔಟಾದರೆ ಕೆ ಅಕ್ಷರ. ಬ್ಯಾಟ್ ಬೀಸದೇ ಸುಮ್ಮನೆ ನಿಂತು ಔಟಾದರೆ ಅದೇ ಕೆ, ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ. ಮಗಳಿಗೆ ಇದು ಎಷ್ಟು ಇಷ್ಟ ಆಯಿತೆಂದರೆ ಪಂದ್ಯ ಪೂರ್ತಿ ಹಿಂದೆ ತಿರುಗಿ 'ಇದು ಸೀದಾನಾ, ಉಲ್ಟಾನಾ?' ಅಂತ ಕೇಳುತ್ತಿದ್ದಳು.

ಕೆ ಬೇಕಾದಷ್ಟು ಸಿಗುತ್ತದೆ, ಯಾಕೆಂದರೆ ಶುಕ್ರವಾರ ಅಂದರೆ ಹೇಗನ್ ಸ್ಮಿತ್. ಕಾಲೇಜು ಬೇಸ್‌ಬಾಲ್‌ನಲ್ಲಿ ವಾರಾಂತ್ಯಕ್ಕೆ 3 ಪಂದ್ಯ, ಒಂದೇ ಎದುರಾಳಿ ಜೊತೆ. ಶುಕ್ರವಾರಕ್ಕೆ ತಂಡದ ಬೆಸ್ಟ್ ಪಿಚರ್, ಅಂದರೆ ಚೆಂಡು ಎಸೆಯುವವನು. ಅವನ ಭುಜಕ್ಕೆ ಮತ್ತೆ ಒಂದು ವಾರ ವಿಶ್ರಾಂತಿ. ಸ್ಮಿತ್ ಎಡಗೈ. ಫೆಬ್ರವರಿಯಲ್ಲಿ ಟೆಕ್ಸಸ್‌ನ ಆರ್ಲಿಂಗ್ಟನ್‌ನಲ್ಲಿ ಆರೆಗನ್ ಸ್ಟೇಟ್ ಮೇಲೆ 6 ಇನಿಂಗ್ಸ್‌ನಲ್ಲಿ 17 ಸ್ಟ್ರೈಕ್‌ಔಟ್ ಮಾಡಿದ. ಒಂದು ಇನಿಂಗ್ಸ್‌ಗೆ 3 ಔಟ್, 6 ಇನಿಂಗ್ಸ್ ಅಂದರೆ ಒಟ್ಟು 18 ಔಟ್. ಅದರಲ್ಲಿ 17 ಅವನೊಬ್ಬನ ಕೈಯಿಂದ! ಮಿಚೆಲ್ ಸ್ಟಾರ್ಕ್ ಯಾರ್ಕರ್ ನೋಡಿ ಖುಷಿಪಟ್ಟವರು ಈ ಹುಡುಗನನ್ನು ಒಂದು ಸಲ ನೋಡಬೇಕು.

ಅದು ಆರೆಗನ್ ಸ್ಟೇಟ್ ಮೇಲೆ ಅನ್ನುವುದೇ ಇಲ್ಲಿಯವರಿಗೆ ದೊಡ್ಡ ಸಮಾಧಾನ. 2018ರಲ್ಲಿ ಒಮಾಹಾದ ಕಾಲೇಜ್ ವರ್ಲ್ಡ್ ಸೀರೀಸ್ ಫೈನಲ್. ಮೊದಲ ಪಂದ್ಯ ಗೆದ್ದಾಗಿತ್ತು. ಎರಡನೆಯದರಲ್ಲಿ ಒಂದೇ ಒಂದು ಔಟ್ ಬೇಕಿತ್ತು ಕಪ್ ಎತ್ತಲು. ಚೆಂಡು ಮೇಲಕ್ಕೆ ಹೋಯಿತು, ಆಟದ ಗೆರೆಯ ಆಚೆ (ಅದೇ ಫೌಲ್), ಆದರೂ ಹಿಡಿದರೆ ಔಟ್. 3 ಜನ ಫೀಲ್ಡರ್‌ಗಳು ಓಡಿ ಬಂದರು. ಚೆಂಡು ಮೂವರ ನಡುವೆ ನೆಲಕ್ಕೆ ಬಿತ್ತು. ಆಮೇಲೆ ಆ ಪಂದ್ಯವೂ ಹೋಯಿತು, ಮರುದಿನ ಕಪ್ಪೂ ಹೋಯಿತು. ಆರ್ಕನ್ಸಾ ಬೇಸ್‌ಬಾಲ್ ಇವತ್ತಿನವರೆಗೂ ಆ ಕಪ್ ಗೆದ್ದಿಲ್ಲ. ಅಜ್ಜ ಆ ದಿನ ಒಮಾಹಾದಲ್ಲಿ ಇದ್ದರಂತೆ. ಆ ಚೌಕದಲ್ಲಿ ಏನು ಬರೆದಿರಿ ಅಂತ ಕೇಳಿದೆ. ಫೌಲ್ ಚೆಂಡಿಗೆ ಬರೆಯುವುದು ಏನೂ ಇರುವುದಿಲ್ಲ, ಚೌಕ ಹಾಗೇ ಖಾಲಿ ಬಿಟ್ಟು ಮುಂದಿನ ಚೆಂಡಿಗೆ ಕಾದೆ ಅಂದರು.

ಇದೇ ಶಾಟ್, ಈಗ ಕೇಳಿ. ಎಲ್ಲರೂ ಕೈ ಎತ್ತಿದ್ದಾರೆ, ಬೆರಳು ಆಡಿಸುತ್ತಿದ್ದಾರೆ. 'ವೂಊಊ... ಪಿಗ್! ಸೂಯಿ!' ಮೂರು ಸಲ. ಹಂದಿ ಕರೆಯುವ ಕೂಗು. 10 ಸಾವಿರ ಜನ ಒಟ್ಟಿಗೆ ಕೂಗಿದರೆ ಎದೆಯೊಳಗೆ ಡೊಳ್ಳು ಬಡಿದ ಹಾಗಾಗುತ್ತದೆ. ಇದು ಬಾಮ್-ವಾಕರ್ ಸ್ಟೇಡಿಯಂ, 1996ರದ್ದು. ಕಾಲೇಜು ಬೇಸ್‌ಬಾಲ್‌ಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಇದು ನನ್ನ ಮಾತು, ಒಪ್ಪದವರು ಬಂದು ನೋಡಿ.

ಎದುರಾಳಿ ಓಲ್ ಮಿಸ್. ಮಿಸ್ಸಿಸ್ಸಿಪ್ಪಿ ವಿಶ್ವವಿದ್ಯಾಲಯ. ಹೊಸ ಕೋಚ್ ಅಂತ ಎಲ್ಲರ ಬಾಯಲ್ಲಿ ಓಡಾಡುತ್ತಿದ್ದ ಹೆಸರುಗಳಲ್ಲಿ ಓಲ್ ಮಿಸ್ ಬ್ಯಾಸ್ಕೆಟ್‌ಬಾಲ್ ಕೋಚ್ ಕ್ರಿಸ್ ಬಿಯರ್ಡ್ ಅವರದೂ ಒಂದು. ಕ್ಯಾನ್ಸಸ್ ಸ್ಟೇಟ್‌ನ ಜೆರೋಮ್ ಟ್ಯಾಂಗ್ ಹೆಸರೂ ಇತ್ತು. ಮೈದಾನದಲ್ಲಿ ಅವರ ಬೇಸ್‌ಬಾಲ್ ತಂಡ, ನಮ್ಮ ಸಾಲಿನಲ್ಲಿ ಅವರ ಕೋಚ್ ಬರುತ್ತಾರಾ ಇಲ್ವಾ ಅಂತ ಚರ್ಚೆ. ನನಗೆ ಟ್ಯಾಂಗ್ ಬೇಕಿತ್ತು. ಇನಿಂಗ್ಸ್ ನಡುವೆ ಎಲ್ಲರೂ ಫೋನ್ ನೋಡುತ್ತಿದ್ದರು, ಅಜ್ಜ ಒಬ್ಬರನ್ನು ಬಿಟ್ಟು. ಅವರ ಪುಸ್ತಕದ ಅಂಚಿನಲ್ಲಿ ಸಣ್ಣಗೆ ಒಂದು ಸಾಲು ಇತ್ತು: 'ಮಸ್ ಹೋದ.' ಮಸ್ ಅಂದರೆ ಮಸಲ್‌ಮನ್. ಪಂದ್ಯದ ದಿನ ಊರಲ್ಲಿ ಏನಾಯಿತೋ ಅದನ್ನೂ ಅಂಚಿನಲ್ಲಿ ಬರೆಯುತ್ತಾರಂತೆ. ಮಳೆ, ಮೊಮ್ಮಗ ಹುಟ್ಟಿದ್ದು, ಎಲ್ಲ.

ಸ್ಕೋರ್ ಪರದೆ ಮೇಲಿದೆ, ಓದಿಕೊಳ್ಳಿ.

ಶನಿವಾರ ಬೆಳಗ್ಗೆ. ನಮ್ಮ ಮನೆ. 9 ಗಂಟೆಗೆ ಐಪಿಎಲ್, ಜೈಪುರದಲ್ಲಿ ಆರ್‌ಸಿಬಿ. ಕೊಹ್ಲಿ ಔಟಾಗದೇ 113. ಆದರೂ ಸೋತೆವು, ಬಟ್ಲರ್ ಕೂಡ ಸೆಂಚುರಿ ಹೊಡೆದ. ಇದರ ಬಗ್ಗೆ ಮಾತು ಬೇಡ, ಮುಂದಿನ ಶಾಟ್‌ಗೆ ಹೋಗೋಣ.

ಭಾನುವಾರ ರಾತ್ರಿ, ಊಟದ ಹೊತ್ತು. ಕ್ಯಾಮೆರಾ ಅಲ್ಲಾಡುತ್ತಿದೆ, ಕ್ಷಮಿಸಿ. ಕೈಯಲ್ಲಿ ಸಾರಿನ ಸೌಟು ಇತ್ತು. ಸುದ್ದಿ ಬಂತು: ಬ್ಯಾಸ್ಕೆಟ್‌ಬಾಲ್ ಕೋಚ್ ಜಾನ್ ಕ್ಯಾಲಿಪರಿ ಕೆಂಟಕಿ ವಿಶ್ವವಿದ್ಯಾಲಯ ಬಿಟ್ಟು ಆರ್ಕನ್ಸಾಗೆ! ಕೆಂಟಕಿ ಅಂದರೆ ಬ್ಯಾಸ್ಕೆಟ್‌ಬಾಲ್‌ನ ದೊಡ್ಡ ಮನೆ. ಅಲ್ಲಿ 15 ವರ್ಷ ಇದ್ದ, 2012ರಲ್ಲಿ ಕಪ್ ಗೆದ್ದ ಮನುಷ್ಯ ನಮ್ಮ ಊರಿಗೆ.

ಮೊದಲು ನಾನು ಹೇಳಿದ್ದು ವಿಡಿಯೋದಲ್ಲೇ ಇದೆ: 'ಬೇಡ.' ಕಾರಣ ಇತ್ತು. 2022ರಲ್ಲಿ 15ನೇ ಸೀಡ್ ಸೇಂಟ್ ಪೀಟರ್ಸ್ ಮೇಲೆ ಸೋತರು. ಈ ವರ್ಷ 14ನೇ ಸೀಡ್ ಓಕ್‌ಲ್ಯಾಂಡ್ ಮೇಲೆ. ಅಲ್ಲಿ ಜ್ಯಾಕ್ ಗೋಲ್ಕಿ ಅನ್ನುವ ಹುಡುಗ ದೂರದಿಂದ 10 ತ್ರೀ-ಪಾಯಿಂಟರ್ ಹಾಕಿದ. ಮೊದಲ ಸುತ್ತಿನಲ್ಲೇ ಮನೆಗೆ. ವಯಸ್ಸು 65. ಹಳೇ ಹೆಸರಿಗೆ ಮರುಳಾಗಬಾರದು ಅನ್ನಿಸಿತು.

ಇದು ಹೇಗೆ ಶುರುವಾಯಿತು ಅಂತ ಹೆಂಡತಿಗೆ ವಿವರಿಸುತ್ತಿದ್ದೇನೆ ಇಲ್ಲಿ. ಡಲ್ಲಾಸ್‌ನ ಎಸ್‌ಎಂಯು ವಿಶ್ವವಿದ್ಯಾಲಯಕ್ಕೆ ಕೋಚ್ ಬೇಕಿತ್ತು. ಅವರು ಯುಎಸ್‌ಸಿಯಿಂದ ಆ್ಯಂಡಿ ಎನ್‌ಫೀಲ್ಡ್ ಅವರನ್ನು ಕರೆದುಕೊಂಡರು. ಯುಎಸ್‌ಸಿ ನಮ್ಮವರನ್ನು ಕರೆಯಿತು. ನಾವು ಕೆಂಟಕಿಯಿಂದ. ಈಗ ಕೆಂಟಕಿ ಹುಡುಕುತ್ತಿದೆ. ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಮುಂದೆ ಒಬ್ಬರು ಇಳಿದರೆ ಹಿಂದಿನವರೆಲ್ಲ ಒಂದೊಂದು ಸೀಟು ಸರಿಯುತ್ತಾರಲ್ಲ, ಹಾಗೆ.

ಸೋಮವಾರ, ಗ್ರಹಣ. ಅಮ್ಮ ಮೈಸೂರಿನಿಂದ ಫೋನ್. 'ಗ್ರಹಣ ಹಿಡಿಯೋ ಮುಂಚೆ ಊಟ ಮುಗಿಸ್ಕೋ ಕಣೋ, ಮಗೂನ ಹೊರಗೆ ಬಿಡಬೇಡ.' 'ಆಯ್ತಮ್ಮ, ಕನ್ನಡಕ ಇದೆ.' 'ಕನ್ನಡಕ ಇಟ್ಕೊಂಡು ಏನ್ ಮಾಡ್ತೀಯ, ದರ್ಭೆ ಇಟ್ಟಿದೀಯಾ?' ಇಂಡಿಯಾದಲ್ಲಿ ಇದು ಕಾಣುವುದೇ ಇಲ್ಲ, ಆದರೂ ಅಮ್ಮನಿಗೆ ನಮ್ಮ ಚಿಂತೆ. ಪೂರ್ತಿ ಗ್ರಹಣ ರಸೆಲ್‌ವಿಲ್ ಕಡೆ. ನಮ್ಮಲ್ಲಿ ಒಂದು ಸಣ್ಣ ತುಣುಕು ಸೂರ್ಯ ಉಳಿದುಕೊಂಡ. ಜರಡಿ ಹಿಡಿದಿದ್ದು ಮಗಳು. ನೆಲ ನೋಡಿ! ಒಂದೊಂದು ತೂತಿಗೂ ಒಂದೊಂದು ಚಂದ್ರನ ಚೂರು. ನಮ್ಮಜ್ಜಿ ತಟ್ಟೆ ನೀರಿನಲ್ಲಿ ಒನಕೆ ನಿಲ್ಲಿಸುತ್ತಿದ್ದರು, ಅದೂ ನೆನಪಾಯಿತು. ರೊಟ್ಟಿ ಹಿಟ್ಟು ಜರಡಿ ಹಿಡಿಯುವಾಗ ಇನ್ನು ಪ್ರತಿ ಸಲ ಇದೇ ಕಣ್ಣಿಗೆ ಬರುತ್ತದೆ. ಎರಡೇ ನಿಮಿಷದಲ್ಲಿ ಮೋಡ... ಸರಿ, ಶಾಟ್ ಮುಗಿಯಿತು.

ಮಂಗಳವಾರ ಯುಗಾದಿ. ಹೂರಣ ಗಟ್ಟಿಯಾಯಿತು, ಒಬ್ಬಟ್ಟು ಹರಿಯಿತು, ತುಪ್ಪ ಹಾಕಿದ ಮೇಲೆ ಯಾರೂ ಕೇಳಲಿಲ್ಲ. ಬೇವಿನ ಹೂವು ಅಮ್ಮ ಒಣಗಿಸಿ ಕೊಟ್ಟಿದ್ದು.

ಬುಧವಾರ ಸಂಜೆ. ಬಡ್ ವಾಲ್ಟನ್ ಅರೀನಾ, ನಮ್ಮ ಬ್ಯಾಸ್ಕೆಟ್‌ಬಾಲ್ ತಂಡದ ತವರು. ವಾಲ್‌ಮಾರ್ಟ್ ಕಟ್ಟಿದ ಸ್ಯಾಮ್ ವಾಲ್ಟನ್ ಅವರ ತಮ್ಮನ ಹೆಸರು. 1993ರಲ್ಲಿ ತೆರೆಯಿತು. ಮೊದಲ ಸೀಸನ್ನಿನಲ್ಲೇ, 1994ರಲ್ಲಿ, ನೋಲನ್ ರಿಚರ್ಡ್‌ಸನ್ ಕೋಚ್ ಆಗಿದ್ದಾಗ ರಾಷ್ಟ್ರೀಯ ಚಾಂಪಿಯನ್. ಇದೇ ರಾಜ್ಯದವರಾದ ಅಧ್ಯಕ್ಷ ಕ್ಲಿಂಟನ್ ಆ ಫೈನಲ್‌ಗೆ ಹೋಗಿ ಕೂತಿದ್ದರು. 30 ವರ್ಷ ಆಯಿತು. ಆಮೇಲೆ ಮತ್ತೆ ಕಪ್ ಬಂದಿಲ್ಲ.

ಅಲ್ಲಿ ಕೆಳಗೆ ವೇದಿಕೆ ಮೇಲೆ ಕ್ಯಾಲಿಪರಿ. ತಂಡವನ್ನು ಭೇಟಿ ಮಾಡಿದೆ, ತಂಡವೇ ಇಲ್ಲ ಅಂದರು. ಮಾತು ನಿಜ. ಆಟಗಾರರು ಒಬ್ಬೊಬ್ಬರಾಗಿ ಟ್ರಾನ್ಸ್‌ಫರ್ ಪೋರ್ಟಲ್‌ಗೆ, ಅಂದರೆ ಬೇರೆ ಕಾಲೇಜಿಗೆ ಹೋಗಬಯಸುವವರ ಪಟ್ಟಿಗೆ, ಹೆಸರು ಕೊಟ್ಟು ಹೊರಟಿದ್ದಾರೆ. ಈಗ ಪ್ರತಿ ವರ್ಷ ಹೀಗೇ. ಜರ್ಸಿ ಕೊಂಡು ಬೆನ್ನ ಮೇಲೆ ಹೆಸರು ಹಾಕಿಸಿದರೆ ಆರು ತಿಂಗಳಲ್ಲಿ ಆ ಹುಡುಗ ಬೇರೆ ರಾಜ್ಯದಲ್ಲಿರುತ್ತಾನೆ. ನನಗೆ ಇದು ಇಷ್ಟವಿಲ್ಲ. ಹುಡುಗರಿಗೆ ದುಡ್ಡು ಸಿಗಲಿ, ಸ್ವಾತಂತ್ರ್ಯ ಇರಲಿ, ಅದು ಅವರ ಹಕ್ಕು. ಆದರೆ ಒಂದು ಹೆಸರು ಬಾಯಿಗೆ ಕೂರುವುದಕ್ಕಾದರೂ ಎರಡು ವರ್ಷ ಬೇಡವಾ?

ಇಲ್ಲೇ ನನಗೆ ಬೇಸ್‌ಬಾಲ್ ಕೋಚ್ ಡೇವ್ ವ್ಯಾನ್ ಹಾರ್ನ್ ನೆನಪಾಗುವುದು. ಇದೇ ಕಾಲೇಜಿನಲ್ಲಿ ಆಡಿದವರು. 2003ರ ಸೀಸನ್‌ನಿಂದ ಇಲ್ಲೇ ಇದ್ದಾರೆ. 2018ರ ಆ ಚೆಂಡು ಬಿದ್ದ ಮೇಲೂ ಇದ್ದಾರೆ. ಬ್ಯಾಸ್ಕೆಟ್‌ಬಾಲ್‌ಗೂ ಅಂಥವರೊಬ್ಬರು ಸಿಗಲಿ ಅನ್ನುವುದೇ ಈ ವಾರ ಪೂರ್ತಿ ನನ್ನ ಆಸೆ.

ಭಾನುವಾರ 'ಬೇಡ' ಅಂದವನು ಬುಧವಾರ ಎದ್ದು ನಿಂತು ಕೂಗುತ್ತಿದ್ದೇನೆ, ನೋಡಿ. ಹೌದು, ಮನಸ್ಸು ಬದಲಾಯಿತು. ಆಟಗಾರರೇ ಇಲ್ಲದ ತಂಡಕ್ಕೆ, 65ರ ವಯಸ್ಸಿನಲ್ಲಿ, ಅಷ್ಟು ದೊಡ್ಡ ಕುರ್ಚಿ ಬಿಟ್ಟು ಬಂದಿದ್ದಾರೆ. ಸುಮ್ಮನೆ ಕೂತು ಕಾಲ ತಳ್ಳಲು ಬಂದವರಲ್ಲ ಅನ್ನಿಸಿತು. ಓಕ್‌ಲ್ಯಾಂಡ್ ಸೋಲು ಮರೆತಿಲ್ಲ. ಮುಂದಿನ ಮಾರ್ಚ್‌ನ ಟೂರ್ನಿಯಲ್ಲಿ ನೋಡೋಣ.

ಹೊರಗೆ ಬರುವಾಗ ಜನರ ಮಧ್ಯೆ ಮಗಳು ಹುಡುಕುತ್ತಿದ್ದದ್ದು ಕೋಚ್ ಅಲ್ಲ, ಪೆನ್ಸಿಲ್ ಅಜ್ಜನನ್ನು. ಅವರು ಸಿಗಲಿಲ್ಲ. ಈ ವಾರಾಂತ್ಯ ಬೇಸ್‌ಬಾಲ್ ತಂಡ ಅಲಬಾಮಾದಲ್ಲಿ, ಟಿವಿಯಲ್ಲೇ ನೋಡಬೇಕು. ಅವಳಿಗೆ ಒಂದು ಸ್ಕೋರ್ ಪುಸ್ತಕ ಕೊಡಿಸಿದ್ದೇನೆ. ಮೊದಲ ಪುಟ ಇದು. ಇನ್ನೂ ಒಂದು ಚೆಂಡೂ ಬಿದ್ದಿಲ್ಲ, ಅಂಚಿನಲ್ಲಿ ಆಗಲೇ ಕನ್ನಡದಲ್ಲಿ ಬರೆದಿದ್ದಾಳೆ: 'ಹೊಸ ಕೋಚ್ ಬಂದರು. ಒಬ್ಬಟ್ಟು ಹರಿಯಿತು.' ತವರಿನ ಪಂದ್ಯ ಬಂದಾಗ ಅಜ್ಜನಿಗೆ ತೋರಿಸಬೇಕಂತೆ. ಆ್ಯಪ್ ತೆಗೆದು ನೋಡುತ್ತಿದ್ದೇನೆ, ಅದೇ ಸಾಲಿನಲ್ಲಿ ಎರಡು ಸೀಟು ಪಕ್ಕಪಕ್ಕ ಸಿಗುತ್ತವಾ ಅಂತ.