ಡಬ್ಬಿಗೆ ಜಾಗ ಗೊತ್ತು, ದಾರಿ ಗೊತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಮುಂದಿನ ಭಾನುವಾರ ಕೊಡಚಾದ್ರಿಗೆ ಹೊರಟಿದ್ದೀರಿ. ನಾಲ್ಕು ಜನ ಹೊಸದಾಗಿ ಕೈ ಜಿಪಿಎಸ್ ಕೊಂಡಿದ್ದೀರಂತೆ. ಅದು ಕಿವಿಗೆ ಬಿದ್ದ ಮೇಲೆ ಈ ಮೈಕನ್ನು ನಾನೇ ಕೇಳಿ ಪಡೆದೆ. ಮೇಜಿನ ಮೇಲಿರುವುದು ನನ್ನ ಹಳೇ ಜಿಪಿಎಸ್ ಡಬ್ಬಿ. ಆನ್ ಮಾಡಿದ್ದೇನೆ. ಉಪಗ್ರಹ ಹುಡುಕುತ್ತಿದೆ, ಹುಡುಕಲಿ.

ನಾನು ಹೇಳಲು ಬಂದದ್ದು ಒಂದೇ ಮಾತು. ಈ ಡಬ್ಬಿಗೆ ಜಾಗ ಗೊತ್ತು, ದಾರಿ ಗೊತ್ತಿಲ್ಲ.

ಇದನ್ನು ಕಲಿತದ್ದೂ ಅದೇ ಕೊಡಚಾದ್ರಿಯಲ್ಲಿ. ಸೆಪ್ಟೆಂಬರ್ ಕೊನೆ. ಮಳೆ ಬಿಟ್ಟಿತ್ತು, ಮಂಜು ಬಿಟ್ಟಿರಲಿಲ್ಲ. ಬೆಳಗ್ಗೆ ಜೀಪು ಇಳಿದ ಕಡೆ ಡಬ್ಬಿಯಲ್ಲಿ ಗುರುತು ಹಾಕಿಕೊಂಡಿದ್ದೆ. ನಡೆದ ದಾರಿಯನ್ನು ಡಬ್ಬಿಯೇ ಬರೆದಿಟ್ಟುಕೊಳ್ಳುವ ಟ್ರ್ಯಾಕ್ ಮಾತ್ರ ಆನ್ ಮಾಡಿರಲಿಲ್ಲ. ಬ್ಯಾಟರಿ ಉಳಿಸುವ ಜುಗ್ಗತನ! ಸರ್ವಜ್ಞ ಪೀಠ ನೋಡಿ ವಾಪಸ್ ಹೊರಟಾಗ ಮುಂದಿದ್ದ ಗೆಳೆಯನ ಕೆಂಪು ಚೀಲವೂ ಕಾಣುತ್ತಿರಲಿಲ್ಲ. ಡಬ್ಬಿ ತೆಗೆದೆ. ಜೀಪಿನ ಕಡೆಗೆ ಬಾಣ ಬಂತು, 900 ಮೀಟರ್ ಅಂತ ಬಂತು. ಕಾಲು ಗಂಟೆ ಕೆಲಸ ಅಲ್ವಾ ಅಂತ ಹುಲ್ಲುಗಾವಲು ಇಳಿದೇಬಿಟ್ಟೆವು.

700 ಆಯಿತು, 600 ಆಯಿತು. ಹುಲ್ಲು ಮುಗಿದು ಕಾಡು ಸಿಕ್ಕಿತು. ಸೊಂಟದವರೆಗೆ ಹಳು. ಇಂಬಳಗಳಿಗೆ ಅವತ್ತು ಹಬ್ಬ. 480 ತೋರಿಸುವಾಗ ನನ್ನ ಕಾಲಡಿಯಿಂದ ಕಲ್ಲೊಂದು ಉರುಳಿತು. ಅದು ಬಿದ್ದ ಸದ್ದಿಗೆ ಕಾದೆವು. ಕಾಯಬೇಕಾಯಿತು, ನೋಡಿ, ಅದೇ ಗಾಬರಿ. ಎದುರಿಗೆ ಕಮರಿ. ಬಾಣ ಮಾತ್ರ ಅದರ ಆಚೆಗೇ ಮುಖ ಮಾಡಿಕೊಂಡು ತಣ್ಣಗೆ ನಿಂತಿತ್ತು.

ನಮ್ಮ ಕೂಗು ಕೇಳಿ ಒಬ್ಬ ಹಿರಿಯರು ಬಂದರು. ತಲೆಗೆ ಅಡಿಕೆ ಹಾಳೆ ಟೋಪಿ, ಸೊಂಟದಲ್ಲಿ ಕತ್ತಿ, ದನ ಹುಡುಕಿ ಹೊರಟವರು. ಡಬ್ಬಿಯನ್ನು ತಿರುಗಿಸಿ ನೋಡಿ, "ಇದು ಹಕ್ಕಿಗೆ ಮಾಡಿದ್ದಾ ಮಾರಾಯ್ರೇ?" ಅಂದರು. "ನಮ್ಮ ದನವೂ ಈ ಕಡೆ ಇಳಿಯೋದಿಲ್ಲ." ಮತ್ತೆ ಮೇಲೆ ಹತ್ತಿಸಿ, ಸುತ್ತು ಹಾಕಿಸಿ ಜೀಪಿಗೆ ಮುಟ್ಟಿಸಲು ಒಂದೂವರೆ ಗಂಟೆ ಹಿಡಿಯಿತು. ದನ ಸಿಕ್ಕಿತೋ ಇಲ್ಲವೋ, ಕೇಳುವುದಕ್ಕೆ ನಮಗೆ ಮುಖ ಇರಲಿಲ್ಲ.

ಡಬ್ಬಿ ಸುಳ್ಳು ಹೇಳಿರಲಿಲ್ಲ. ಸುಮಾರು 20,200 ಕಿಲೋಮೀಟರ್ ಮೇಲಿರುವ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕು ಸಿಕ್ಕರೆ ನೀವು ನಿಂತ ಜಾಗ, ಎತ್ತರ ಎರಡೂ ಲೆಕ್ಕ ಹಾಕಿ ಕೊಡುತ್ತದೆ. 2000ದ ಮೇ ತಿಂಗಳವರೆಗೆ ಅಮೆರಿಕದವರು ಬೇಕಂತಲೇ ಸಿಗ್ನಲ್ ಕೆಡಿಸಿಡುತ್ತಿದ್ದರು, ನೂರು ಮೀಟರ್ ಆಚೀಚೆ ಆಗುತ್ತಿತ್ತು. ಈಗ ಬಯಲಿನಲ್ಲಿ ಐದಾರು ಮೀಟರ್ ಅಷ್ಟೇ. ನಮ್ಮ ಕಾಡಿನ ದಟ್ಟ ಎಲೆಯ ಕೆಳಗೆ ಸಿಗ್ನಲ್ ಸೋಲುತ್ತದೆ, ಬಂಡೆಗೆ ಬಡಿದು ಸುತ್ತಿ ಬರುತ್ತದೆ, ಆಗ ತಪ್ಪು ಜಾಸ್ತಿ. ಆದರೆ ನನ್ನನ್ನು ಕಮರಿಗೆ ಒಯ್ದದ್ದು ಆ ತಪ್ಪಲ್ಲ. ಕೇಳಿದ್ದು ಜಾಗ, ಜಾಗವನ್ನೇ ಹೇಳಿತು. ದಾರಿ ಬೇಕಿದ್ದರೆ ಹೋಗುವಾಗಲೇ ಟ್ರ್ಯಾಕ್ ಹಾಕಿಕೊಂಡಿರಬೇಕಿತ್ತು. ಬಂದ ಹೆಜ್ಜೆಯಲ್ಲೇ ವಾಪಸ್ ಕರೆದುಕೊಂಡು ಹೋಗುತ್ತಿತ್ತು.

ಅಂಕಿ ಬರೆದುಕೊಳ್ಳುವಾಗ ಎಚ್ಚರ. ನಮ್ಮ ತಂಡದ ಹುಡುಗನೊಬ್ಬ ಟೆಂಟು ಹಾಕುವ ಜಾಗದ ಅಕ್ಷಾಂಶವನ್ನು ಫೋನಿನಲ್ಲಿ 13 ಡಿಗ್ರಿ 51.50 ನಿಮಿಷ ಅಂತ ಕೇಳಿಸಿಕೊಂಡು, 51 ನಿಮಿಷ 50 ಸೆಕೆಂಡ್ ಅಂತ ಒತ್ತಿದ. ಅರ್ಧ ನಿಮಿಷ ಅಂದರೆ 30 ಸೆಕೆಂಡ್ ಅಲ್ವಾ? ಆ 20 ಸೆಕೆಂಡಿಗೆ ಟೆಂಟು 600 ಮೀಟರ್ ಉತ್ತರಕ್ಕೆ ಹೋಯಿತು. ಊಟದ ಪಾತ್ರೆ ಇದ್ದದ್ದು ನಮ್ಮ ಹತ್ತಿರ. ಅವತ್ತು ಅವನು ಬಿಸ್ಕತ್ತು ತಿಂದು ಮಲಗಿದ.

ಚೀಟಿ ಬಂತು, ಐದು ನಿಮಿಷವಂತೆ. ಬೇಗ ಹೇಳುತ್ತೇನೆ. ಬ್ಯಾಟರಿ ಇನ್ನೊಂದು ಜೊತೆ ಇರಲಿ. ಗಾಳಿ ಒತ್ತಡದಿಂದ ಎತ್ತರ ಹೇಳುವ ಡಬ್ಬಿ ಹವೆ ಬದಲಾದರೆ ತಪ್ಪುತ್ತದೆ. ಕೊಡಚಾದ್ರಿ ತುದಿ 1,343 ಮೀಟರ್, ಅಲ್ಲಿ ಸರಿ ಮಾಡಿಕೊಳ್ಳಿ. ದಿಕ್ಸೂಚಿ ಇಲ್ಲದ ಹಳೇ ಮಾಡೆಲ್‌ಗೆ ನಿಂತಲ್ಲಿ ದಿಕ್ಕು ತಿಳಿಯದು, ನಾಲ್ಕು ಹೆಜ್ಜೆ ನಡೆಯಿರಿ. ಹಳೇ ಟೋಪೋ ನಕ್ಷೆ ಭೂಮಿಯನ್ನು ಅಳೆದದ್ದು ಎವರೆಸ್ಟ್ ಅನ್ನುವ ಲೆಕ್ಕದಲ್ಲಿ, ಡಬ್ಬಿ ಅಳೆಯುವುದು ಡಬ್ಲ್ಯೂಜಿಎಸ್ 84 ಅನ್ನುವ ಬೇರೆ ಲೆಕ್ಕದಲ್ಲಿ, ಎರಡರ ಅಂಕಿ ಹೊಂದುವುದಿಲ್ಲ... ಅದು ಇನ್ನೊಂದು ಉಪನ್ಯಾಸ. ಬಿಡಿ.

ಓ, ಇದು ಇನ್ನೂ ಹುಡುಕುತ್ತಲೇ ಇದೆ. ಈ ಕಾಂಕ್ರೀಟ್ ಚಾವಣಿ ಕೆಳಗೆ ಅದಕ್ಕೆ ಏನು ಸಿಗಬೇಕು! ಆ ನಾಲ್ಕು ಜನ ಕಾಫಿ ಲೋಟ ಹಿಡಿದುಕೊಂಡು ಅಂಗಳಕ್ಕೆ ಬನ್ನಿ. ಟ್ರ್ಯಾಕ್ ಎಲ್ಲಿ ಆನ್ ಮಾಡುವುದು ಅಂತ ತೋರಿಸುತ್ತೇನೆ.