ಹತ್ತು ಜನ, ಒಂದು ಡಬ್ಬಿ: ಜಿಯೋಕ್ಯಾಶಿಂಗ್ ಕ್ಯಾಂಪ್‌ಗೆ ನಮ್ಮ ತಯಾರಿ

ಯಾರೋ ಅಡಗಿಸಿಟ್ಟ ಡಬ್ಬಿಯನ್ನು ಜಿಪಿಎಸ್ ಹಿಡಿದು ಹುಡುಕಿ, ಒಳಗಿನ ಕಾಗದದಲ್ಲಿ ಸಹಿ ಹಾಕುವ ಆಟ ಜಿಯೋಕ್ಯಾಶಿಂಗ್. ಆ ಡಬ್ಬಿಗೆ ಕ್ಯಾಶ್ ಅನ್ನುತ್ತಾರೆ. ಸ್ಕ್ರೀನ್ ಮೇಲಿರುವ ಮ್ಯಾಪ್ ನೋಡಿ. ಹಸಿರು ಗುರುತುಗಳೆಲ್ಲ ಟ್ರೆಡಿಷನಲ್ ಕ್ಯಾಶ್. ಕೊಟ್ಟಿರುವ ಕೋಆರ್ಡಿನೇಟ್ಸ್‌ನಲ್ಲೇ, ಅಂದರೆ ಅಕ್ಷಾಂಶ ರೇಖಾಂಶದಲ್ಲೇ, ಡಬ್ಬಿ ಇರುತ್ತದೆ. ಕಿತ್ತಳೆ ಬಣ್ಣದ್ದು ಮಲ್ಟಿ, ಒಂದು ಜಾಗದಲ್ಲಿ ಸಿಕ್ಕ ಸುಳಿವು ಹಿಡಿದು ಇನ್ನೊಂದು ಜಾಗಕ್ಕೆ ಹೋಗಬೇಕು. ನೀಲಿ ಬಣ್ಣದ್ದು ಮಿಸ್ಟರಿ. ಒಗಟು ಬಿಡಿಸದೆ ಹೊರಟರೆ ಬರಿಗೈಲಿ ವಾಪಸ್. ಕ್ಯಾಂಪಿಂಗ್ ಅಂದ ತಕ್ಷಣ ಎಲ್ಲರೂ ಕೇಳುವುದು ವ್ಯೂ ಹೇಗಿದೆ, ನೀರು ಹತ್ತಿರ ಇದೆಯಾ ಅಂತ. ನಮ್ಮ ಗುಂಪಿನಲ್ಲಿ ಮೊದಲು ಈ ಮ್ಯಾಪ್ ತೆಗೆಯುತ್ತೇವೆ.

ಗುರುತು ಎಲ್ಲಿ ಜಾಸ್ತಿ ಇದೆಯೋ ಅಲ್ಲಿಗೇ ಹೋಗೋಣ ಅನ್ನುವವರು ಯಾವಾಗಲೂ ಒಬ್ಬರು ಇರುತ್ತಾರೆ. ನಾನು ಒಪ್ಪುವುದಿಲ್ಲ. ಒಂದು ಡಬ್ಬಿಗೂ ಇನ್ನೊಂದಕ್ಕೂ ಕನಿಷ್ಠ 161 ಮೀಟರ್ ದೂರ ಇರಬೇಕು ಅನ್ನುವುದು ನಿಯಮ. ಕೆಲವು ದಾರಿಗಳಲ್ಲಿ ಆ ಲೆಕ್ಕಕ್ಕೆ ಸರಿಯಾಗಿ ಒಂದೇ ಥರದ ಪುಟಾಣಿ ಡಬ್ಬಿಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಹತ್ತು ಸಿಕ್ಕ ಮೇಲೆ ಹನ್ನೊಂದನೆಯದು ಹುಡುಕಾಟ ಅಲ್ಲ, ಹಾಜರಿ ಹಾಕುವ ಕೆಲಸ. ನನಗೆ ಬೇಕಾಗಿರುವುದು ಟೆಂಟ್‌ನಿಂದ ನಡೆದು ಹೋಗುವಷ್ಟು ದೂರದಲ್ಲಿ, ಮೂರು ನಾಲ್ಕು ದಿಕ್ಕಿಗೆ ಚದುರಿಕೊಂಡಿರುವ ಕ್ಯಾಶ್‌ಗಳು. ಯಾಕೆ ಅಂತ ಈಗ ಬರುತ್ತೇನೆ.

ಅದಕ್ಕೂ ಮೊದಲು ಹೊಸಬರಿಗೆ ಎರಡು ಮಾತು. ಈ ಆಟ ಶುರುವಾಗಿದ್ದು 2000ದ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಜನಸಾಮಾನ್ಯರಿಗೆ ಸಿಗುವ ಜಿಪಿಎಸ್ ಸಿಗ್ನಲ್‌ಗೆ ಅಮೆರಿಕ ಸರ್ಕಾರ ಬೇಕಂತಲೇ ತಪ್ಪು ಸೇರಿಸುತ್ತಿತ್ತು. ಸುಮಾರು ನೂರು ಮೀಟರ್ ಆಚೀಚೆ ಆಗುತ್ತಿತ್ತು. ಅದನ್ನು ನಿಲ್ಲಿಸಿದ ಒಂದೆರಡು ದಿನಕ್ಕೇ, ಮೇ 3ರಂದು, ಡೇವ್ ಅಲ್ಮರ್ ಅನ್ನುವವರು ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಹತ್ತಿರ ಒಂದು ಬಕೆಟ್ ಇಟ್ಟು, ಅದರ ಕೋಆರ್ಡಿನೇಟ್ಸ್ ಎಲ್ಲರಿಗೂ ಹೇಳಿದರು. ಏನಾದರೂ ತಗೊಳ್ಳಿ, ಏನಾದರೂ ಇಡಿ, ಪುಸ್ತಕದಲ್ಲಿ ಬರೆಯಿರಿ ಅಂತ. ಆ ಬಕೆಟ್‌ನಲ್ಲಿ ಬೀನ್ಸ್ ತುಂಬಿದ ಒಂದು ಟಿನ್ ಕೂಡ ಇತ್ತು. ಈಗ ತಿನ್ನುವ ಪದಾರ್ಥ ಇಡುವ ಹಾಗಿಲ್ಲ. ವಾಸನೆ ಹಿಡಿದು ಬಂದ ಪ್ರಾಣಿಗಳು ಡಬ್ಬಿ ಕಚ್ಚಿ ಹಾಳು ಮಾಡುತ್ತವೆ. ಹಾಗಾಗಿ ಕ್ಯಾಂಪ್‌ಗೆ ಹೋಗುವಾಗ ಡಬ್ಬಿಗೆ ಹಾಕುವ ಗೊಂಬೆ, ಕೀಚೈನ್‌ಗಳನ್ನು ತಿಂಡಿ ಇರುವ ಬ್ಯಾಗ್‌ನಲ್ಲಿ ತುರುಕಬೇಡಿ.

ಈಗ ಅಸಲಿ ವಿಷಯ. ಒಂದು ಡಬ್ಬಿಗೆ ಹತ್ತು ಜನ ಒಟ್ಟಿಗೆ ಹೋದರೆ ಏನಾಗುತ್ತದೆ? ಒಬ್ಬರು ಬೇರಿನ ಸಂದಿಗೆ ಕೈ ಹಾಕಿ "ಸಿಕ್ತು!" ಅನ್ನುತ್ತಾರೆ. ಆಟ ಮುಗಿಯಿತು. ಉಳಿದ ಒಂಬತ್ತು ಜನ ಅಷ್ಟು ದೂರ ನಡೆದು ಬಂದದ್ದು ಚಪ್ಪಾಳೆ ತಟ್ಟುವುದಕ್ಕೆ. ಅಷ್ಟರಲ್ಲಿ ಇಪ್ಪತ್ತು ಕಾಲು ಸುತ್ತಲಿನ ಹುಲ್ಲನ್ನೆಲ್ಲ ತುಳಿದು, ಡಬ್ಬಿ ಇಲ್ಲೇ ಇದೆ ಅಂತ ದಾರಿಹೋಕರಿಗೆಲ್ಲ ಸಾರಿ ಹೇಳಿರುತ್ತವೆ. ಗುಂಪು ಕಟ್ಟಿಕೊಂಡು ಹೋಗುವುದರ ನಿಜವಾದ ತೊಂದರೆ ಇದು. ಟೆಂಟ್, ಸ್ಟೋವ್, ಮಳೆ ಎಲ್ಲ ಆಮೇಲಿನ ಮಾತು.

ಅದಕ್ಕೇ ಹಗಲು ಹೊತ್ತು ನಾವು ಗುಂಪು ಒಡೆಯುತ್ತೇವೆ. ಮೂರು ಮೂರು ಜನ, ಹೆಚ್ಚೆಂದರೆ ನಾಲ್ಕು. ಒಂದೊಂದು ತಂಡಕ್ಕೆ ಒಂದೊಂದು ದಿಕ್ಕು. ಮಧ್ಯಾಹ್ನದ ಮೇಲೆ ದಿಕ್ಕು ಅದಲು ಬದಲು. ತಂಡದೊಳಗೂ ಒಂದು ಕಟ್ಟುನಿಟ್ಟು ಇದೆ. ಡಬ್ಬಿ ಕಂಡವರು ಬಾಯಿ ಬಿಡುವ ಹಾಗಿಲ್ಲ. ಮುಟ್ಟುವ ಹಾಗೂ ಇಲ್ಲ. ಇನ್ನೂ ಒಂದೆರಡು ನಿಮಿಷ ಹುಡುಕುವ ನಾಟಕ ಆಡಿ, ದೂರ ಹೋಗಿ ಸುಮ್ನೆ ಕೂತುಬಿಡಬೇಕು. ಎರಡನೆಯವರಿಗೆ ಕಂಡರೆ ಅವರೂ ಬಂದು ಪಕ್ಕದಲ್ಲಿ ಕೂರುತ್ತಾರೆ. ಕೊನೆಗೆ ಉಳಿದವರ ಮುಖ ನೋಡಬೇಕು ನೀವು! ಕೂತವರ ಕಣ್ಣು ಎತ್ತ ತಿರುಗುತ್ತದೆ ಅಂತ ಕದ್ದು ನೋಡುತ್ತಾ, ಅದೇ ಕಲ್ಲನ್ನು ಮತ್ತೆ ಮತ್ತೆ ಎತ್ತಿ ನೋಡುತ್ತಿರುತ್ತಾರೆ.

ತಂಡ ಕಟ್ಟುವುದು ಸಲೀಸಲ್ಲ. ಒಬ್ಬರಿಗೆ ಸಂಖ್ಯೆ ಏರಬೇಕು, ಇನ್ನೊಬ್ಬರಿಗೆ ಒಂದೇ ಒಂದು ಒಳ್ಳೆಯ ಮಲ್ಟಿ ಸಾಕು, ಮತ್ತೊಬ್ಬರು ಮಕ್ಕಳ ಜೊತೆ ಬಂದಿರುತ್ತಾರೆ. ಇವರನ್ನೆಲ್ಲ ಒಂದೇ ತಂಡಕ್ಕೆ ಹಾಕಿದರೆ ಎತ್ತು ಏರಿಗೆ, ಕೋಣ ನೀರಿಗೆ. ಹೊರಡುವ ಮೊದಲೇ ಎಲ್ಲರನ್ನೂ ಕೇಳಿಬಿಡಿ. ಪ್ರತಿ ಕ್ಯಾಶ್‌ಗೂ ಡಿಫಿಕಲ್ಟಿ ಮತ್ತು ಟೆರೇನ್ ಅಂತ ಎರಡು ರೇಟಿಂಗ್ ಇರುತ್ತದೆ, 1ರಿಂದ 5ರವರೆಗೆ. ಮೊದಲನೆಯದು ಹುಡುಕುವುದು ಎಷ್ಟು ಕಷ್ಟ ಅಂತ, ಎರಡನೆಯದು ಅಲ್ಲಿಗೆ ತಲುಪುವುದು ಎಷ್ಟು ಕಷ್ಟ ಅಂತ. ಟೆರೇನ್ 1 ಅಂದರೆ ವೀಲ್‌ಚೇರ್‌ನಲ್ಲೂ ತಲುಪಬಹುದು. 5 ಅಂದರೆ ಹಗ್ಗ, ದೋಣಿ, ಅಂಥದ್ದೇನಾದರೂ ಬೇಕು. ತಂಡದಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರಿಗೆ ಎಷ್ಟು ಟೆರೇನ್ ಆಗುತ್ತದೋ, ಇಡೀ ತಂಡಕ್ಕೆ ಅಷ್ಟೇ.

ಮಿಸ್ಟರಿಗಳ ಒಗಟನ್ನು ಮನೆಯಲ್ಲೇ ಬಿಡಿಸಿಕೊಂಡು ಬನ್ನಿ. ಹಳೆಯ ಲಾಗ್‌ಗಳನ್ನು, ಅಂದರೆ ಮೊದಲು ಹುಡುಕಿದವರು ಆನ್‌ಲೈನ್‌ನಲ್ಲಿ ಬರೆದದ್ದನ್ನು, ಓದಿ. ಕೊನೆಯ ನಾಲ್ಕೈದು ಲಾಗ್‌ಗಳೂ ಡಿಎನ್ಎಫ್ ಆಗಿದ್ದರೆ, ಅಂದರೆ ಯಾರಿಗೂ ಸಿಕ್ಕಿಲ್ಲದಿದ್ದರೆ, ಆ ಡಬ್ಬಿ ಬಹುಶಃ ಅಲ್ಲಿಲ್ಲ. ಎಲ್ಲವನ್ನೂ ಆಫ್‌ಲೈನ್ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಕಾಡಿನಲ್ಲಿ ನೆಟ್‌ವರ್ಕ್ ನಂಬಬೇಡಿ. ಕ್ಯಾಂಪ್ ಜಾಗದ ಬುಕಿಂಗ್, ಎಷ್ಟು ಜನರಿಗೆ ಅನುಮತಿ, ಬೆಂಕಿ ಹಾಕಬಹುದಾ, ಇವೆಲ್ಲ ಹೇಗೂ ನೋಡಿಕೊಳ್ಳುತ್ತೀರಿ. ನಾನು ಸೇರಿಸುವುದು ಒಂದೇ. ಟೆಂಟ್ ಹಾಕುವ ಮೊದಲು ತಲೆ ಎತ್ತಿ ನೋಡಿ. ಮೇಲೆ ಒಣಗಿದ ಕೊಂಬೆ ನೇತಾಡುತ್ತಿದ್ದರೆ ಜಾಗ ಬದಲಿಸಿ.

ಈ ಕ್ಲೋಸಪ್‌ನಲ್ಲಿ ಕಾಣುತ್ತಿರುವುದು ನ್ಯಾನೋ, ತೀರಾ ಚಿಕ್ಕ ಕ್ಯಾಶ್. ಬೆರಳ ತುದಿಯಷ್ಟೇ ಇದೆ, ಹಿಂದೆ ಅಯಸ್ಕಾಂತ ಇದೆ. ಮುಚ್ಚಳ ತಿರುಗಿಸಿದರೆ ಒಳಗೆ ಸುರುಳಿ ಸುತ್ತಿದ ಒಂದು ಕಾಗದದ ಪಟ್ಟಿ. ಉಗುರಿನಿಂದ ಎಳೆದರೆ ಹರಿಯುತ್ತದೆ. ಚಿಮಟ ಬೇಕು. ಸಹಿ ಹಾಕಿದ ಮೇಲೆ ಅದನ್ನು ಮತ್ತೆ ಅಷ್ಟೇ ಬಿಗಿಯಾಗಿ ಸುತ್ತಬೇಕು, ಇಲ್ಲದಿದ್ದರೆ ಮುಚ್ಚಳ ಕೂರುವುದಿಲ್ಲ. ಇಷ್ಟೇ ಇಷ್ಟು ಪಟ್ಟಿಯಲ್ಲಿ ನಾಲ್ಕು ಜನರ ಹೆಸರು ಬರೆಯಬೇಡಿ. ತಂಡಕ್ಕೆ ಒಂದು ಹೆಸರಿಟ್ಟುಕೊಂಡು ಅದನ್ನೇ ಬರೆಯಿರಿ. ಪೆನ್ ಮಾತ್ರ ಪ್ರತಿಯೊಬ್ಬರ ಹತ್ತಿರವೂ ಇರಲಿ.

ಇನ್ನು ಫೋನ್ ವಿಷಯ. ಬಯಲಲ್ಲಿ ಅದು ಐದು ಮೀಟರ್ ಆಚೀಚೆ ತೋರಿಸುತ್ತದೆ, ಮರಗಳ ಕೆಳಗೆ ಇನ್ನೂ ಜಾಸ್ತಿ ತಪ್ಪುತ್ತದೆ. ಡಬ್ಬಿ ಇಟ್ಟವರ ಫೋನೂ ಅಷ್ಟೇ ಅಲ್ವಾ? ಎರಡೂ ತಪ್ಪು ಸೇರಿದರೆ ಬಾಣದ ಗುರುತು ನಿಮ್ಮನ್ನು ಸುತ್ತಾಡಿಸುತ್ತದೆ. ಹತ್ತು ಮೀಟರ್ ಉಳಿದಾಗ ಫೋನ್ ಜೇಬಿಗೆ ಹಾಕಿ, ಕಣ್ಣಿಗೆ ಕೆಲಸ ಕೊಡಿ. ಒಂದರ ಮೇಲೊಂದು ಸರಿಯಾಗಿ ಜೋಡಿಸಿಟ್ಟ ಕಲ್ಲು, ತಾನಾಗಿ ಬಿದ್ದಂತೆ ಕಾಣದ ಕಡ್ಡಿಗಳ ರಾಶಿ, ಇಂಥವನ್ನು ಹುಡುಕಿ.

ರಾತ್ರಿ ಮಾತ್ರ ಎಲ್ಲರೂ ಒಟ್ಟಿಗೆ. ಸಂಜೆಯ ಕೂಟವನ್ನು ಅಧಿಕೃತ ಇವೆಂಟ್ ಮಾಡಬೇಕು ಅಂದರೆ ಕನಿಷ್ಠ ಎರಡು ವಾರ ಮೊದಲೇ ಅದನ್ನು ಜಿಯೋಕ್ಯಾಶಿಂಗ್ ವೆಬ್‌ಸೈಟ್‌ನಲ್ಲಿ ಸಲ್ಲಿಸಬೇಕು, ಕೂಟ ಕನಿಷ್ಠ 30 ನಿಮಿಷ ನಡೆಯಬೇಕು. ಗೊತ್ತಿಲ್ಲದ ಕ್ಯಾಶರ್‌ಗಳೂ ಬರುತ್ತಾರೆ, ಜಾಗ ನೋಡಿಕೊಂಡು ನಿರ್ಧರಿಸಿ. ಮೇಜಿನ ಮೇಲೆ ಎಲ್ಲರ ಟ್ರ್ಯಾಕಬಲ್‌ಗಳನ್ನು, ಅಂದರೆ ಎಲ್ಲೆಲ್ಲಿ ಓಡಾಡಿದವು ಅಂತ ಆನ್‌ಲೈನ್‌ನಲ್ಲಿ ದಾಖಲಿಸುವ ಪುಟ್ಟ ವಸ್ತುಗಳನ್ನು, ಹರಡುತ್ತೇವೆ. ಪ್ರತಿಯೊಂದರ ಮೇಲೂ ಒಂದು ಕೋಡ್ ಇರುತ್ತದೆ. ವಿಡಿಯೋದಲ್ಲಿ ಆ ಭಾಗ ಮಸುಕು ಮಾಡಿರುವುದು ಕ್ಯಾಮೆರಾ ದೋಷ ಅಲ್ಲ. ಕೋಡ್ ಹೊರಗೆ ಬಿದ್ದರೆ, ಅದನ್ನು ಕೈಯಲ್ಲಿ ಹಿಡಿಯದವರೂ ನೋಡಿದೆ ಅಂತ ದಾಖಲಿಸುತ್ತಾರೆ.

ಆಮೇಲೆ ನೈಟ್ ಕ್ಯಾಶ್. ಮರಗಳಿಗೆ ಹೊಳೆಯುವ ಪುಟ್ಟ ಪಿನ್‌ಗಳನ್ನು ಚುಚ್ಚಿ ದಾರಿ ಮಾಡಿರುತ್ತಾರೆ. ಟಾರ್ಚನ್ನು ಸೊಂಟದ ಹತ್ತಿರ ಹಿಡಿದರೆ ಅವು ಅಷ್ಟಾಗಿ ಕಾಣುವುದಿಲ್ಲ. ಬೆಳಕು ಎಲ್ಲಿಂದ ಬಂತೋ ಅಲ್ಲಿಗೇ ಅದನ್ನು ವಾಪಸ್ ಕಳಿಸುವುದು ಅವುಗಳ ಗುಣ. ಹಾಗಾಗಿ ಟಾರ್ಚ್ ಕಣ್ಣಿನ ಪಕ್ಕದಲ್ಲೇ ಇರಬೇಕು, ಹಣೆಗೆ ಕಟ್ಟಿಕೊಂಡರೆ ಇನ್ನೂ ಒಳ್ಳೆಯದು. ಒಂದು ಸಲಕ್ಕೆ ಒಬ್ಬರದೇ ಟಾರ್ಚ್ ಉರಿಯಲಿ. ಒಬ್ಬರಿಗೆ ಕಂಡ ಪಿನ್ ಪಕ್ಕದಲ್ಲೇ ನಿಂತವರಿಗೆ ಕಾಣುವುದಿಲ್ಲ. "ಅಲ್ಲೇ ಇದೆ ನೋಡು", "ಎಲ್ಲಿ?", "ಅಲ್ಲೇ!" ಅನ್ನುವ ಜಗಳ ಇಲ್ಲೇ ಶುರುವಾಗುವುದು.

ಒಂದು ವಿಷಯದಲ್ಲಿ ನಮ್ಮ ಗುಂಪಿನಲ್ಲೇ ಒಮ್ಮತ ಇಲ್ಲ. ಮೂರು ತಂಡ ಮೂರು ಕಡೆ ಹೋಗಿ, ಎಲ್ಲ ಡಬ್ಬಿಗಳಲ್ಲೂ ಎಲ್ಲರ ಹೆಸರು ಬರೆದು, ಎಲ್ಲವನ್ನೂ ಎಲ್ಲರೂ ಲೆಕ್ಕಕ್ಕೆ ಹಾಕಿಕೊಂಡರೆ ಏನು ತಪ್ಪು ಅಂತ ಕೆಲವರು ಕೇಳುತ್ತಾರೆ. ನಾನು ಹೋಗದ ಜಾಗದ ಡಬ್ಬಿ ನನ್ನ ಲೆಕ್ಕಕ್ಕೆ ಬೇಡ. ಈ ಮಾತು ಮೊದಲ ದಿನವೇ ಇತ್ಯರ್ಥ ಆಗಲಿ, ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ.

ಕೊನೆಯ ದಿನ ಬೆಳಗ್ಗೆ ದೂರದ್ದೇನೂ ಬೇಡ. ಟೆಂಟ್ ಒಣಗಿಸಿ ಮಡಚುವಷ್ಟರಲ್ಲಿ ಅರ್ಧ ಬೆಳಗು ಹೋಗುತ್ತದೆ. ಮನೆಗೆ ಬಂದ ಮೇಲೆ ಲಾಗ್ ಹಾಕುವಾಗ ಬರೀ ಟಿಎಫ್‌ಟಿಸಿ (ಥ್ಯಾಂಕ್ಸ್ ಫಾರ್ ದ ಕ್ಯಾಶ್) ಅಂತ ಬರೆದು ಕೈ ತೊಳೆದುಕೊಳ್ಳಬೇಡಿ. ಡಬ್ಬಿಯೊಳಗೆ ನೀರಿತ್ತಾ, ಮುಚ್ಚಳ ಒಡೆದಿತ್ತಾ, ಕಾಗದ ತುಂಬಿಹೋಗಿತ್ತಾ, ಅದನ್ನೂ ಬರೆಯಿರಿ. ಇಟ್ಟವರು ಮುಂದಿನ ಸಲ ಅಲ್ಲಿಗೆ ಹೋಗುವಾಗ ಬೇಕಾದದ್ದನ್ನು ಜೊತೆಗೇ ಒಯ್ಯುತ್ತಾರೆ.