ಗಾಳಿಗೆ ದಾರಿ ಬಿಡಿ

ಕೇಳುಗರೇ, ನಮಸ್ಕಾರ.

ಇವತ್ತು ನಾನು ಮಾತಾಡುತ್ತಿರುವುದು ದಿನಸಿ ಅಂಗಡಿ ನಡೆಸುವವರ ಜೊತೆ. ಅಂಗಡಿಯಲ್ಲಿ ಕೆಲಸ ಮಾಡುವವರೂ ದಯವಿಟ್ಟು ಕೇಳಿಸಿಕೊಳ್ಳಿ. ಯಾಕೆಂದರೆ ಫ್ರಿಜ್‌ಗೆ ಸಾಮಾನು ಜೋಡಿಸುವ ಕೈ ನಿಮ್ಮದು. ಹಾಲು, ಬೆಣ್ಣೆ, ಚೀಸ್, ಮಾಂಸ, ಐಸ್‌ಕ್ರೀಂ ಇವನ್ನೆಲ್ಲ ಗಿರಾಕಿಗಳ ಕಣ್ಣಿಗೆ ಬೀಳುವ ಹಾಗೆ ಇಡುತ್ತೀರಲ್ಲ, ಆ ಡಿಸ್‌ಪ್ಲೇ ಫ್ರಿಜ್ ಬಗ್ಗೆ ಈ ಮಾತು. ಅದನ್ನು ಕೂರಿಸುವುದು ಹೇಗೆ, ನೋಡಿಕೊಳ್ಳುವುದು ಹೇಗೆ ಅಂತ ಹೇಳಲು ನನ್ನನ್ನು ಕರೆದಿದ್ದಾರೆ. ನಾನು ಮೊದಲೇ ಹೇಳಿಬಿಡುತ್ತೇನೆ: ಗಾಳಿಗೆ ದಾರಿ ಬಿಡಿ. ಮುಂದೆ ಏನೇ ಹೇಳಿದರೂ ಸುತ್ತಿ ಬಳಸಿ ಇಲ್ಲಿಗೇ ಬರುತ್ತೇನೆ.

ಫ್ರಿಜ್ ತಂಪನ್ನು ತಯಾರಿಸುತ್ತದೆ ಅಂತ ತುಂಬಾ ಜನ ತಿಳಿದುಕೊಂಡಿದ್ದಾರೆ. ನಿಜವಾಗಿ ಅದು ಮಾಡುವುದು ಸಾಗಣೆ ಕೆಲಸ. ಒಳಗಿನ ಶಾಖವನ್ನು ಹೊತ್ತು ಹೊರಗೆ ಹಾಕುತ್ತದೆ. ಒಳಗಿನ ಕಾಯಿಲ್‌ನಲ್ಲಿ, ಅಂದರೆ ಸುರುಳಿ ಪೈಪಿನಲ್ಲಿ, ಹರಿಯುವ ಗ್ಯಾಸ್ ಶಾಖ ಹೀರಿಕೊಳ್ಳುತ್ತದೆ. ಕಂಪ್ರೆಸರ್ ಆ ಗ್ಯಾಸನ್ನು ಒತ್ತಿ ಹೊರಗಿನ ಕಾಯಿಲ್‌ಗೆ, ಅಂದರೆ ಕಂಡೆನ್ಸರ್‌ಗೆ ಕಳಿಸುತ್ತದೆ. ಅಲ್ಲಿ ಶಾಖ ಹೊರಬೀಳುತ್ತದೆ. ಸಾಮಾನಿನಿಂದ ಒಳಗಿನ ಕಾಯಿಲ್‌ಗೆ ಶಾಖ ತಂದು ಮುಟ್ಟಿಸುವುದು ಗಾಳಿ. ಹೊರಗಿನ ಕಾಯಿಲ್‌ನಿಂದ ಅದನ್ನು ಎತ್ತಿಕೊಂಡು ಹೋಗುವುದೂ ಗಾಳಿ. ಎರಡರಲ್ಲಿ ಒಂದು ಕಡೆ ಗಾಳಿ ನಿಂತರೂ ಕೆಲಸ ನಿಂತ ಹಾಗೆ. ಕಂಪ್ರೆಸರ್ ಎಷ್ಟೇ ಒಳ್ಳೆಯದಿರಲಿ, ಸುಮ್ನೆ ಕರೆಂಟ್ ತಿನ್ನುತ್ತದೆ ಅಷ್ಟೇ.

ಬಾಗಿಲಿಲ್ಲದ, ಎದುರು ತೆರೆದಿರುವ ಫ್ರಿಜ್‌ಗಳನ್ನು ನೋಡಿದ್ದೀರಿ. ಬಾಗಿಲೇ ಇಲ್ಲ, ಆದರೂ ಒಳಗೆ ತಣ್ಣಗಿರುತ್ತದೆ. ಹೇಗೆ? ಮೇಲುಗಡೆ ಎದುರಿನ ಅಂಚಿನಲ್ಲಿ ಸಣ್ಣ ಸಣ್ಣ ತೂತುಗಳ ಒಂದು ಪಟ್ಟಿ ಇರುತ್ತದೆ. ಅಲ್ಲಿಂದ ತಣ್ಣನೆ ಗಾಳಿ ನೇರವಾಗಿ ಕೆಳಗೆ ಇಳಿಯುತ್ತದೆ. ಕೆಳಗಿನ ಅಂಚಿನಲ್ಲಿ ಒಂದು ಜಾಲರಿ. ಒಳಗಿನ ಫ್ಯಾನ್ ಆ ಗಾಳಿಯನ್ನು ಜಾಲರಿಯಿಂದ ಎಳೆದುಕೊಂಡು, ಕಾಯಿಲ್ ಮೇಲೆ ಹಾಯಿಸಿ, ಮತ್ತೆ ಮೇಲಕ್ಕೆ ಕಳಿಸುತ್ತದೆ. ಹೀಗೆ ಸುತ್ತುವ ಗಾಳಿಯೇ ಅಲ್ಲಿ ಪರದೆ. ಇಂಥ ಫ್ರಿಜ್ ಒಳಗೆ ಸೇರುವ ಶಾಖದಲ್ಲಿ ಸುಮಾರು ಮುಕ್ಕಾಲು ಪಾಲು ಬರುವುದು ಈ ತೆರೆದ ಬಾಯಿಂದ. ಆ ಪರದೆ ಹರಿದರೆ ಏನಾಗುತ್ತದೆ ಅಂತ ನೀವೇ ಯೋಚಿಸಿ.

ಹಾಗಾಗಿ ಫ್ರಿಜ್ ಕೂರಿಸುವಾಗ ಮೊದಲ ಪ್ರಶ್ನೆ, ಎಲ್ಲಿ ಕೂರಿಸಬೇಕು ಅನ್ನುವುದು. ಅಂಗಡಿ ಬಾಗಿಲಿಗೆ ಎದುರಾಗಿ ಬೇಡ. ಏಸಿ ಗಾಳಿ ಬೀಳುವ ಕಡೆ ಬೇಡ. ಬಿಸಿಲು ಬೀಳುವ ಕಿಟಕಿ ಪಕ್ಕ ಖಂಡಿತ ಬೇಡ. ಈ ಫ್ರಿಜ್‌ಗಳನ್ನು ಪರೀಕ್ಷೆ ಮಾಡುವಾಗ ಎದುರಿಗೆ ಹಾಯುವ ಗಾಳಿ ಸೆಕೆಂಡಿಗೆ 20 ಸೆಂಟಿಮೀಟರಿನಷ್ಟು ಮಾತ್ರ ಇರುತ್ತದೆ. ಅಂದರೆ ಮೈಗೆ ತಾಗಿದ್ದೇ ಗೊತ್ತಾಗದಷ್ಟು. ಫ್ಯಾನ್ ಗಾಳಿ ಅದಕ್ಕಿಂತ ಎಷ್ಟೋ ಪಾಲು ಜೋರು.

ಕೊಳ್ಳುವಾಗ ಇನ್ನೊಂದು ವಿಷಯ ನೋಡಿ. ವಿವರ ಪತ್ರದಲ್ಲಿ ಕ್ಲೈಮೇಟ್ ಕ್ಲಾಸ್ ಅಂತ ಒಂದು ಸಂಖ್ಯೆ ಇರುತ್ತದೆ. 3 ಅಂತಿದ್ದರೆ 25 ಡಿಗ್ರಿ ಬಿಸಿ, ನೂರಕ್ಕೆ 60ರ ತೇವ ಇರುವ ಅಂಗಡಿಗೆ ಮಾಡಿದ್ದು. 4 ಅಂದರೆ 30 ಡಿಗ್ರಿ, 55ರ ತೇವ. 5 ಅಂದರೆ 40 ಡಿಗ್ರಿ, 40ರ ತೇವ. ಏಸಿ ಇಲ್ಲದ, ಸೆಖೆಯ ಅಂಗಡಿಗೆ 3ನೇ ಕ್ಲಾಸಿನ ಫ್ರಿಜ್ ತಂದು ಆಮೇಲೆ ಕಂಪನಿಯನ್ನು ಬೈದರೆ ಪ್ರಯೋಜನವಿಲ್ಲ. ಬಣ್ಣ, ಲೈಟು ಎಲ್ಲ ನೋಡುತ್ತಾರೆ, ಈ ಸಂಖ್ಯೆ ಮಾತ್ರ ಯಾರೂ ಕೇಳುವುದಿಲ್ಲ. ನನಗೆ ಬೇಸರವಾಗುವುದು ಅಲ್ಲೇ.

ಫ್ರಿಜ್‌ನ ಹಿಂದೆ, ಮೇಲೆ ಎಷ್ಟು ಜಾಗ ಬಿಡಬೇಕು ಅಂತ ಸೂಚನಾ ಪುಸ್ತಕದಲ್ಲಿ ಬರೆದಿರುತ್ತದೆ. ಅಷ್ಟು ಬಿಡಲೇಬೇಕು. ಅದೂ ಗಾಳಿಯ ದಾರಿಯೇ. ನಾಲ್ಕು ಮೂಲೆಗೂ ರಸಮಟ್ಟ ಇಟ್ಟು ನೋಡಿ. ಓರೆಯಾಗಿ ಕೂತರೆ ಒಳಗಿನ ಮಂಜು ಕರಗಿದ ನೀರು ಡ್ರೈನ್ ಕಡೆ ಹರಿಯುವುದಿಲ್ಲ, ಬಾಗಿಲು ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಗಾಡಿಯಲ್ಲಿ ಮಲಗಿಸಿ ತಂದಿದ್ದರೆ ನಿಲ್ಲಿಸಿದ ಕೂಡಲೇ ಸ್ವಿಚ್ ಹಾಕಬೇಡಿ. ಕಂಪ್ರೆಸರ್‌ನ ಎಣ್ಣೆ ವಾಪಸ್ ಇಳಿಯಲು ಕೆಲವು ಗಂಟೆ ಬೇಕು. ಕರೆಂಟಿಗೆ ಅದರದೇ ಪ್ರತ್ಯೇಕ ಲೈನ್, ಸರಿಯಾದ ಅರ್ಥಿಂಗ್. ಎಕ್ಸ್‌ಟೆನ್ಷನ್ ಬೋರ್ಡ್ ಬೇಡವೇ ಬೇಡ.

ಸಾಮಾನು ತುಂಬುವ ಮುಂಚೆ ಖಾಲಿ ಫ್ರಿಜ್ ಓಡಿಸಿ, ತಣ್ಣಗಾದ ಮೇಲೆ ತುಂಬಿ. ಬಿಸಿ ಸಾಮಾನು ತಂದು ಇಲ್ಲಿ ತಣ್ಣಗಾಗಲಿ ಅಂತ ಇಡಬೇಡಿ. 1930ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಕ್ಲಾರೆನ್ಸ್ ಬರ್ಡ್ಸ್‌ಐ ಅವರ ಹೆಪ್ಪುಗಟ್ಟಿಸಿದ ಆಹಾರದ ಪ್ಯಾಕೆಟ್‌ಗಳನ್ನು 18 ಅಂಗಡಿಗಳಲ್ಲಿ ಮಾರಾಟಕ್ಕೆ ಇಟ್ಟರು. ಹೆಪ್ಪುಗಟ್ಟಿಸುವ ಕೆಲಸ ಕಾರ್ಖಾನೆಯಲ್ಲೇ ಮುಗಿದಿತ್ತು. ಅಂಗಡಿಯ ಪೆಟ್ಟಿಗೆ ಮಾಡಬೇಕಾಗಿದ್ದದ್ದು, ಬಂದದ್ದನ್ನು ಹಾಗೆಯೇ ಕಾಯುವುದು. ಇವತ್ತಿಗೂ ಡಿಸ್‌ಪ್ಲೇ ಫ್ರಿಜ್‌ನ ಕೆಲಸ ಅದೇ.

ಈಗ ಒಂದು ಅಂಗಡಿಯ ವಿಷಯ ಹೇಳಲೇಬೇಕು. ಸ್ವಲ್ಪ ಉದ್ದ, ಆದರೆ ದಯವಿಟ್ಟು ಕೇಳಿ.

ಎದುರು ತೆರೆದ ಎತ್ತರದ ಫ್ರಿಜ್. ಬೆಳಿಗ್ಗೆ ಚೆನ್ನಾಗಿರುತ್ತಿತ್ತು, ಸಂಜೆಯಾಗುವಷ್ಟರಲ್ಲಿ ಹಾಲಿನ ಪ್ಯಾಕೆಟ್ ಮುಟ್ಟಿದರೆ ತಂಪೇ ಇಲ್ಲ. ಮಾಲೀಕರು ಫೋನಿನಲ್ಲಿ ಹೇಳಿದ ಮೊದಲ ಮಾತು, "ಸರ್, ಗ್ಯಾಸ್ ಹೋಗಿದೆ, ಬಂದು ತುಂಬಿಸಿ." ಅಷ್ಟರಲ್ಲಿ ಬೇರೆಯವರು ಬಂದು ಎರಡು ಸಲ ಗ್ಯಾಸ್ ತುಂಬಿಸಿ ಹೋಗಿದ್ದರು. ಒಬ್ಬರು ಥರ್ಮೋಸ್ಟಾಟ್ ಬದಲಿಸಿದ್ದರು. ಇನ್ನೊಬ್ಬರು ಕಂಪ್ರೆಸರ್ರೇ ಹೋಗಿದೆ ಅಂದಿದ್ದರು. ಎಲ್ಲರೂ ಬಂದದ್ದು ಬೆಳಗಿನ ಹೊತ್ತು.

ನಾನೂ ಬೆಳಿಗ್ಗೆಯೇ ಹೋದೆ. ಎದುರು ಸಾಲಿನ ಪ್ಯಾಕೆಟ್‌ಗಳ ನಡುವೆ ಥರ್ಮಾಮೀಟರ್ ಇಟ್ಟೆ. 4 ಡಿಗ್ರಿ. ಸರಿಯಾಗಿಯೇ ಇದೆ. ಆಮೇಲೆ ಟಿಶ್ಯೂ ಕಾಗದದ ಒಂದು ಉದ್ದನೆ ಪಟ್ಟಿ ಹರಿದು, ಫ್ರಿಜ್‌ನ ಮೇಲಂಚಿಗೆ ಟೇಪ್ ಹಚ್ಚಿ ಇಳಿಬಿಟ್ಟೆ. ನೆಟ್ಟಗೆ ಇಳಿಯಿತು. ತುದಿ ಮಾತ್ರ ಕೆಳಗಿನ ಜಾಲರಿ ಕಡೆಗೆ ಮೆಲ್ಲಗೆ ಎಳೆದುಕೊಂಡಿತ್ತು. ಪರದೆ ಗಟ್ಟಿಯಾಗಿದೆ ಅಂತ ಅರ್ಥ. ನಾನು ಒಂದು ಸ್ಟೂಲ್ ಕೇಳಿ ಎದುರಿಗೇ ಕೂತೆ. ಮಾಲೀಕರಿಗೆ ತಾಳ್ಮೆ ಕೆಟ್ಟಿತು. "ಹೀಗೆ ಕೂತರೆ ರಿಪೇರಿ ಆಗುತ್ತಾ ಸರ್?" ಅಂದರು. ನಾನು ಏಳಲಿಲ್ಲ.

ಸ್ವಲ್ಪ ಹೊತ್ತಿಗೆ ಹಾಲಿನ ಗಾಡಿ ಬಂತು. ಅಂಗಡಿಯ ಹುಡುಗ ಚುರುಕು. ಶೆಲ್ಫ್‌ಗಳನ್ನು ಚಕಚಕ ತುಂಬಿಸಿದ. ಎರಡು ಕ್ರೇಟ್ ಉಳಿದವು. ಅವನ್ನು ಎಲ್ಲಿಟ್ಟ ಅಂತೀರಿ? ಫ್ರಿಜ್‌ನ ಕೆಳಗಿನ ಅಂಚಿನ ಮೇಲೆ, ಸರಿಯಾಗಿ ಆ ಜಾಲರಿಯ ಮೇಲೆ. ನಾನು ಕಾಗದದ ಪಟ್ಟಿಯನ್ನೇ ನೋಡುತ್ತಿದ್ದೆ. ಜಾಲರಿ ಕಡೆ ಇದ್ದ ತುದಿ ಒಂದು ಸಲ ನಡುಗಿತು. ಆಮೇಲೆ ತಿರುಗಿ ಗಿರಾಕಿಗಳು ಓಡಾಡುವ ಕಡೆಗೆ ಚಾಚಿಕೊಂಡಿತು. ಅದೇ ಹೊತ್ತಿಗೆ ನನ್ನ ಕಾಲಿಗೆ ತಣ್ಣಗೆ ತಾಗಿತು. ಸಾಮಾನಿಗೆ ಸಿಗಬೇಕಾದ ತಂಪು ನೆಲದ ಮೇಲೆ ಹರಿದು ಹೋಗುತ್ತಿತ್ತು!

ಮಧ್ಯಾಹ್ನ ಸೆಖೆ ಏರಿತು. ಬಿಲ್ ಮಾಡುವವರು ತಮ್ಮ ಪಕ್ಕದ ಸ್ಟ್ಯಾಂಡ್ ಫ್ಯಾನ್ ಹಾಕಿಕೊಂಡರು. ಅದು ಆ ಕಡೆ ಈ ಕಡೆ ತಲೆ ತಿರುಗಿಸುವ ಫ್ಯಾನ್. ಫ್ರಿಜ್ ಕಡೆ ತಿರುಗಿದಾಗೆಲ್ಲ ಕಾಗದದ ಪಟ್ಟಿ ಪಟಪಟ ಹೊಡೆದುಕೊಂಡು ಶೆಲ್ಫ್ ಒಳಗೆ ನುಗ್ಗುತ್ತಿತ್ತು. ಪರದೆ ಪೂರಾ ಹರಿದುಹೋಯಿತು. ಥರ್ಮಾಮೀಟರ್ 6 ತೋರಿಸಿತು, ಆಮೇಲೆ 7, ಸಂಜೆ ಹೊತ್ತಿಗೆ 9.

ಆಗ ಎದ್ದೆ. ಕ್ರೇಟ್ ಎತ್ತಿಸಿದೆ. ಫ್ಯಾನನ್ನು ಬೇರೆ ಕಡೆ ತಿರುಗಿಸಿ, ತಲೆ ಅಲ್ಲಾಡದ ಹಾಗೆ ಮಾಡಿದೆ. ಸ್ವಿಚ್ ಆಫ್ ಮಾಡಿ ಕೆಳಗಿನ ಜಾಲರಿ ಬಿಚ್ಚಿದರೆ, ಒಳಗೆ ಬೆಲೆ ಚೀಟಿಗಳು, ಪ್ಲಾಸ್ಟಿಕ್ ಚೂರು, ಒಡೆದ ಪ್ಯಾಕೆಟ್‌ನ ಹಾಲು ಒಣಗಿ ಅಂಟಿದ್ದು. ಒಂದು ರಟ್ಟಿನ ತುಂಡು ಫ್ಯಾನಿನ ಕಾವಲು ಜಾಲಕ್ಕೇ ಕಚ್ಚಿಕೊಂಡಿತ್ತು. ಎಲ್ಲ ತೊಳೆದು ಒರೆಸಿ ಮತ್ತೆ ಓಡಿಸಿದೆವು. ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ 4 ಡಿಗ್ರಿ. ಮಾಲೀಕರು ಕೇಳಿದರು, "ಹಾಗಾದರೆ ಗ್ಯಾಸ್?" ಗ್ಯಾಸ್ ಕಡಿಮೆ ಇರಲೇ ಇಲ್ಲ. ಹಿಂದೆ ತುಂಬಿಸಿದ್ದು ಜಾಸ್ತಿಯಾಗಿ, ಹೆಚ್ಚಿನದನ್ನು ಸಿಲಿಂಡರ್‌ಗೆ ವಾಪಸ್ ತೆಗೆಯಬೇಕಾಯಿತು.

ಆ ಹುಡುಗನದು ಏನೂ ತಪ್ಪಿಲ್ಲ. ಅದು ಸಾಮಾನಿಡುವ ಜಾಗ ಅಲ್ಲ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಫ್ರಿಜ್‌ನ ಒಳಗೋಡೆಯಲ್ಲಿ ಒಂದು ಗೆರೆ ಇರುತ್ತದೆ, ಲೋಡ್ ಲೈನ್ ಅನ್ನುತ್ತಾರೆ. ಸಾಮಾನು ಆ ಗೆರೆ ದಾಟಬಾರದು. ಹೊಸದಾಗಿ ಕೆಲಸಕ್ಕೆ ಬಂದವರಿಗೆ ಮೊದಲ ದಿನವೇ ಆ ಗೆರೆ ತೋರಿಸಿ, ಜಾಲರಿ ತೋರಿಸಿ. ಆಫರ್ ಬೋರ್ಡನ್ನು ಮೇಲಿನ ತೂತಿನ ಪಟ್ಟಿಗೆ ಅಡ್ಡ ಕಟ್ಟಬೇಡಿ. ಗಾಳಿಗೆ ದಾರಿ ಬಿಡಿ ಅಂತ ನಾನು ಹೇಳುತ್ತಲೇ ಇರುವುದು ಇದಕ್ಕೆ.

ಗ್ಯಾಸ್ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ಗ್ಯಾಸ್ ಅನ್ನುವುದು ಪೆಟ್ರೋಲ್ ಥರ ಓಡಿದಷ್ಟೂ ಖರ್ಚಾಗುವುದಿಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ. ಸೋರುವ ಜಾಗ ಹುಡುಕದೆ ಮತ್ತೆ ತುಂಬಿಸುವವರಿಗೆ ದುಡ್ಡು ಕೊಡಬೇಡಿ. ಅದು ಪರಿಸರಕ್ಕೂ ಕೆಟ್ಟದ್ದು. ಎಷ್ಟೋ ಫ್ರಿಜ್‌ಗಳಲ್ಲಿರುವ ಆರ್-404ಎ ಗ್ಯಾಸ್ ಒಂದು ಕಿಲೋ ಸೋರಿದರೆ 3,900 ಕಿಲೋಗೂ ಜಾಸ್ತಿ ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟು ಭೂಮಿ ಬಿಸಿಯಾಗುತ್ತದೆ. ಇಂಥ ಗ್ಯಾಸ್‌ಗಳನ್ನು ಕಡಿಮೆ ಮಾಡಲು 2016ರಲ್ಲಿ ಆಫ್ರಿಕಾದ ರುವಾಂಡಾ ದೇಶದ ಕಿಗಾಲಿಯಲ್ಲಿ ದೇಶಗಳೆಲ್ಲ ಒಪ್ಪಿಕೊಂಡಿವೆ. ಹೊಸ ಫ್ರಿಜ್‌ಗಳಲ್ಲಿ ಆರ್-290 ಬರುತ್ತಿದೆ. ಅದು ಪ್ರೊಪೇನ್, ಒಳ್ಳೆಯ ಗ್ಯಾಸ್, ಆದರೆ ಹೊತ್ತಿಕೊಳ್ಳುತ್ತದೆ. ಅದಕ್ಕೆ ತರಬೇತಿ ಪಡೆದವರೇ ಕೈ ಹಾಕಬೇಕು.

ಸಮಯ ಕಮ್ಮಿ ಇದೆ, ಉಳಿದದ್ದನ್ನು ಬೇಗ ಹೇಳುತ್ತೇನೆ.

ಕಂಡೆನ್ಸರ್ ತಿಂಗಳಿಗೊಮ್ಮೆ ಸ್ವಚ್ಛ ಮಾಡಿ. ಸ್ವಿಚ್ ಆಫ್, ಪ್ಲಗ್ ಹೊರಗೆ. ಮೆತ್ತನೆ ಬ್ರಷ್ ಅಥವಾ ವ್ಯಾಕ್ಯೂಮ್ ಕ್ಲೀನರ್ ಸಾಕು. ಅದರ ಮೇಲಿನ ತೆಳು ಲೋಹದ ರೆಕ್ಕೆಗಳ ಉದ್ದಕ್ಕೆ ಉಜ್ಜಿ, ಅಡ್ಡ ಉಜ್ಜಿದರೆ ಬಾಗುತ್ತವೆ. ಧೂಳು ಕೂತರೆ ಶಾಖ ಹೊರಗೆ ಹೋಗುವುದಿಲ್ಲ, ಕರೆಂಟ್ ಬಿಲ್ ಏರುತ್ತದೆ, ಕೊನೆಗೆ ಕಂಪ್ರೆಸರ್ ಸುಡುತ್ತದೆ. ಫ್ರಿಜ್ ಮೇಲೆ ಖಾಲಿ ರಟ್ಟಿನ ಪೆಟ್ಟಿಗೆ ಪೇರಿಸಬೇಡಿ.

ತಂಪು ಸಾಲದು ಅಂತ ಥರ್ಮೋಸ್ಟಾಟನ್ನು ಪೂರ್ತಿ ತಿರುಗಿಸುವ ಅಭ್ಯಾಸ ಬಿಡಿ. ಕಾಯಿಲ್ ಮೇಲೆ ಮಂಜು ಕಟ್ಟುತ್ತದೆ, ಗಾಳಿ ಒಳಗೆ ಹಾಯುವುದಿಲ್ಲ, ಫ್ರಿಜ್ ಇನ್ನೂ ಬಿಸಿಯಾಗುತ್ತದೆ. ಐಸ್ ಕಟ್ಟಿದ್ದರೆ ಚಾಕು, ಸ್ಕ್ರೂಡ್ರೈವರ್ ಹಾಕಿ ಕೆರೆಯಬೇಡಿ, ಪೈಪ್ ತೂತಾಗುತ್ತದೆ. ಸಾಮಾನು ಬೇರೆ ಫ್ರಿಜ್‌ಗೆ ಸಾಗಿಸಿ, ಆಫ್ ಮಾಡಿ, ತಾನಾಗಿ ಕರಗಲಿ. ಡಿಫ್ರಾಸ್ಟ್ ಆಗುವಾಗ, ಅಂದರೆ ಫ್ರಿಜ್ ತನ್ನ ಕಾಯಿಲ್ ಮೇಲಿನ ಮಂಜನ್ನು ತಾನೇ ಕರಗಿಸಿಕೊಳ್ಳುವಾಗ, ಡಿಗ್ರಿ ಸ್ವಲ್ಪ ಹೊತ್ತು ಏರುತ್ತದೆ, ಅದಕ್ಕೆ ಗಾಬರಿ ಬೇಡ.

ಡ್ರೈನ್ ಪೈಪಿನಲ್ಲಿ ನೀರು ನಿಲ್ಲುವ ಬಾಗು ಇರಲೇಬೇಕು. ಇಲ್ಲದಿದ್ದರೆ ಹೊರಗಿನ ಬಿಸಿ ಗಾಳಿ, ವಾಸನೆ ಎರಡೂ ಆ ಪೈಪಿನಿಂದ ಒಳಗೆ ಬರುತ್ತವೆ. ಬಾಗಿಲಿನ ರಬ್ಬರ್ ಹಿಡಿತ ನೋಡಲು ಒಂದು ಕಾಗದ ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ರಬ್ಬರ್ ಬದಲಿಸಿ. ತೆರೆದ ಫ್ರಿಜ್‌ಗೆ ರಾತ್ರಿ ಎದುರಿಗೆ ಇಳಿಬಿಡುವ ಪರದೆ ಇದ್ದರೆ ಅಂಗಡಿ ಮುಚ್ಚುವಾಗ ಮರೆಯದೆ ಇಳಿಸಿ.

ಹಾಲು, ಮಾಂಸ 5 ಡಿಗ್ರಿ ಒಳಗಿರಬೇಕು. ಹೆಪ್ಪುಗಟ್ಟಿದ್ದು ಮೈನಸ್ 18ರಲ್ಲಿರಬೇಕು. ಫ್ರಿಜ್ ಮೇಲಿನ ಸಂಖ್ಯೆ ತೋರಿಸುವುದು ಒಳಗಿನ ಗಾಳಿಯ ಬಿಸಿ. ಸಾಮಾನಿನ ಬಿಸಿ ಬೇರೆ ಇರಬಹುದು. ಅದಕ್ಕೆ ಎದುರು ಸಾಲಿನ ಪ್ಯಾಕೆಟ್‌ಗಳ ನಡುವೆ ಒಂದು ಥರ್ಮಾಮೀಟರ್ ಇಡಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೋಡಿ ಪುಸ್ತಕದಲ್ಲಿ ಬರೆದಿಡಿ. ಮೆಕ್ಯಾನಿಕ್‌ಗೆ ಫೋನ್ ಮಾಡುವಾಗ "ಗ್ಯಾಸ್ ಹೋಗಿದೆ" ಅನ್ನುವ ಬದಲು ಆ ಪುಸ್ತಕ ನೋಡಿ ಎಷ್ಟು ಗಂಟೆಗೆ ಎಷ್ಟು ಡಿಗ್ರಿ ಇತ್ತು ಅಂತ ಹೇಳಿ. ಫ್ರಿಜ್ ಮೈಮೇಲಿನ ತಗಡಿನ ಪಟ್ಟಿಯಲ್ಲಿರುವ ಮಾಡೆಲ್ ನಂಬರು, ಗ್ಯಾಸಿನ ಹೆಸರು ಕೂಡ ಓದಿ ಹೇಳಿ. ಆಗ ಬರುವವರು ಸರಿಯಾದ ಸಾಮಾನು ಕೈಯಲ್ಲಿ ಹಿಡಿದೇ ಬರುತ್ತಾರೆ. ನಮಸ್ಕಾರ.